ದುರ್ಗದ ನೀರಿನ ಲೆಕ್ಕ

ನಾನು ಚಿತ್ರದುರ್ಗದವಳು ಅಂದ ತಕ್ಷಣ ಬೆಂಗಳೂರಿನಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವರು ‘ಓ, ಏಳು ಸುತ್ತಿನ ಕೋಟೆ!’ ಅನ್ನುತ್ತಾರೆ. ಉಳಿದವರು ಇಲ್ಲದ ಒನಕೆಯನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಯಲ್ಲೇ ಒಂದೇಟು ಕುಟ್ಟಿ ತೋರಿಸುತ್ತಾರೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಈಗ ನಾನೂ ಅವರ ಜೊತೆ ಒಂದೇಟು ಕುಟ್ಟಿ ನಕ್ಕುಬಿಡುತ್ತೇನೆ.

ನಮ್ಮ ಅಜ್ಜಿಯ ಮನೆ ಇದ್ದದ್ದು ಸಂತೆ ಹೊಂಡಕ್ಕೆ ಹತ್ತಿರದ ಒಂದು ಓಣಿಯಲ್ಲಿ. ಬೇಸಿಗೆ ರಜೆಯಲ್ಲಿ ನಾವು ಏಳೆಂಟು ಮಕ್ಕಳು ಅಲ್ಲಿ ಸೇರುತ್ತಿದ್ದೆವು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೋಟೆ ಹತ್ತುವುದು, ಮಧ್ಯಾಹ್ನ ಮುಖ ಕೆಂಪಗೆ ಮಾಡಿಕೊಂಡು ಇಳಿಯುವುದು. ಬಾಗಿಲಲ್ಲಿ ಕೂತಿರುತ್ತಿದ್ದ ಅಜ್ಜಿ ಏನು ನೋಡಿದ್ರಿ, ಬಿದ್ರಾ, ಎದ್ರಾ ಅಂತ ಕೇಳುತ್ತಿರಲಿಲ್ಲ. ‘ಗೋಪಾಲಸ್ವಾಮಿ ಹೊಂಡದಾಗೆ ನೀರು ಎಷ್ಟೈತ್ರೋ?’ ಅನ್ನುತ್ತಿದ್ದಳು. ‘ತುಂಬೈತಜ್ಜಿ’ ಅಂತ ಬಾಯಿಗೆ ಬಂದದ್ದು ಹೇಳಿದರೆ ಮುಗಿಯುತ್ತಿರಲಿಲ್ಲ. ‘ಯಾವ ಬಂಡೆ ಮುಳುಗೈತೆ, ಯಾವುದು ಕಾಣ್ತೈತೆ?’ ಅಂತ ಕೇಳುತ್ತಿದ್ದಳು. ಅಲ್ಲಿಗೆ ಸಿಕ್ಕಿಬೀಳುತ್ತಿದ್ದೆವು.

ಆಗ ಅದು ಮುದುಕಿಯ ಹುಚ್ಚು ಅನಿಸುತ್ತಿತ್ತು. ಹೋದ ಅಕ್ಟೋಬರ್‌ನಲ್ಲಿ ಮಗನನ್ನು ಕರೆದುಕೊಂಡು ಮತ್ತೆ ಕೋಟೆ ಹತ್ತಿದಾಗ ಕೋಟೆಯನ್ನು ಸರಿಯಾಗಿ ನೋಡಿದ್ದು ಅಜ್ಜಿಯೇ, ನಾವಲ್ಲ ಅನಿಸಿತು.

ಹಿಂದಿನ ರಾತ್ರಿ ಚಿತ್ತೆ ಮಳೆ ಚೆನ್ನಾಗಿ ಹೊಡೆದಿತ್ತು. ನಾನು ಕೋಟೆಯನ್ನು ಒದ್ದೆಯಾಗಿ ನೋಡಿದ್ದು ಅದೇ ಮೊದಲು. ಬೇಸಿಗೆಯಲ್ಲಿ ಬೂದಿ ಬಣ್ಣಕ್ಕೆ ತಿರುಗುವ ಬಂಡೆಗಳು ಅವತ್ತು ಎಮ್ಮೆ ಮೈಯಂತೆ ಕಪ್ಪಗೆ ಮಿರುಗುತ್ತಿದ್ದವು. ಗೇಟಿನ ಹತ್ತಿರ ಸೌತೆಕಾಯಿ ಮಾರುವ ಹೆಂಗಸು ಉಪ್ಪುಖಾರ ಸವರುತ್ತಾ, ‘ಜಾರ್ತೈತೆ, ಮಗೀನ ಕೈ ಬಿಡಬ್ಯಾಡ್ರಿ’ ಅಂದಳು. ಮಗ ಸೌತೆಕಾಯಿ ಕಚ್ಚುತ್ತಾ ಕೈ ಬಿಡಿಸಿಕೊಂಡು ಓಡಿಯೇಬಿಟ್ಟ.

ಏಳು ಸುತ್ತು ಅಂದರೆ ನೆಲದ ಮೇಲೆ ನಾಲ್ಕು, ಬೆಟ್ಟದ ಮೇಲೆ ಮೂರು. 19 ದೊಡ್ಡ ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ ಅಂತ ಲೆಕ್ಕ ಹೇಳುತ್ತಾರೆ. ನಾವು ಮಕ್ಕಳಾಗಿದ್ದಾಗ ಕಳ್ಳದಾರಿಗಳನ್ನು ಎಣಿಸಲು ಹೋಗಿ ಹನ್ನೊಂದಕ್ಕೆ ಜಗಳವಾಗಿ ಬಿಟ್ಟಿದ್ದೆವು. ಯಾವ ಬಾಗಿಲೂ ನೇರ ಇಲ್ಲ. ಒಂದರ ಒಳಗೆ ಹೋದರೆ ಎದುರಿಗೆ ಗೋಡೆ. ಪಕ್ಕಕ್ಕೆ ತಿರುಗಬೇಕು, ಮತ್ತೆ ತಿರುಗಬೇಕು. ಆನೆ ಓಡಿಬಂದು ಕದಕ್ಕೆ ಗುದ್ದಬೇಕೆಂದರೆ ಓಡಲು ಜಾಗವೇ ಸಿಗದ ಹಾಗೆ ಕಟ್ಟಿದ್ದಾರೆ. ಗೋಡೆಯ ಕಲ್ಲುಗಳ ಮಧ್ಯೆ ಗಾರೆ ಇಲ್ಲ. ಒಂದರ ಮೈಗೆ ಇನ್ನೊಂದನ್ನು ಕೊರೆದು ಕೂರಿಸಿದ್ದಾರೆ. ಸಂದಿನಲ್ಲಿ ಉಗುರು ತೂರುವುದಿಲ್ಲ. ಮೊದಲ ಬಾಗಿಲ ಬಳಿ ಗೋಡೆಯಲ್ಲಿ ಹೆಡೆ ಬಿಚ್ಚಿದ ನಾಗರ ಇದೆ. ಮಕ್ಕಳೆಲ್ಲ ಅದನ್ನು ಮುಟ್ಟಿಯೇ ಮುಂದೆ ಹೋಗುವುದು.

ದಾರಿಯುದ್ದಕ್ಕೂ ಬಂಡೆಗಳ ಮೇಲೆ ಹೊಲಿಗೆ ಹಾಕಿದ ಹಾಗೆ ಸಾಲು ಸಾಲು ಚೌಕದ ತೂತುಗಳಿವೆ. ಅದರಲ್ಲಿ ಮರದ ಬೆಣೆ ಹೊಡೆದು ನೀರು ಹಾಕುತ್ತಿದ್ದರು, ಮರ ಉಬ್ಬಿದಾಗ ಕಲ್ಲು ಸೀಳುತ್ತಿತ್ತು ಅಂತ ಗೈಡುಗಳು ಹೇಳುತ್ತಾರೆ. ಕಲ್ಲು ಒಡೆಯಲಿಕ್ಕೂ ನೀರೇ ಬೇಕಾಯಿತು ನೋಡಿ.

ಮದ್ದು ಬೀಸುವ ಕಲ್ಲುಗಳ ಹತ್ತಿರ ಯಾವಾಗಲೂ ಜನ ಜಾಸ್ತಿ. ಒಂದು ಗುಂಡಿಯಲ್ಲಿ ನಾಲ್ಕು ದೈತ್ಯ ಬೀಸುವ ಕಲ್ಲು. ಬಂದೂಕಿನ ಮದ್ದು ಅಲ್ಲಿ ತಯಾರಾಗುತ್ತಿತ್ತು. ಆನೆ ಕಟ್ಟಿ ತಿರುಗಿಸುತ್ತಿದ್ದರು ಅಂತ ಒಬ್ಬ ಗೈಡ್, ಎತ್ತು ಕಟ್ಟಿ ಅಂತ ಇನ್ನೊಬ್ಬ. ಫೋಟೊ ತೆಗೆದುಕೊಂಡೆವು, ಮುಂದೆ ಹೋದೆವು.

ಮೇಲೆ ಹೋದ ಹಾಗೆ ಕೋಟೆ ಊರಾಗುತ್ತದೆ. ಏಕನಾಥೇಶ್ವರಿ ಗುಡಿ, ಅದರ ಮುಂದೆ ಕಲ್ಲಿನ ಉಯ್ಯಾಲೆ ಕಂಬ, ದೀಪದ ಕಂಬ. ಊರಿನವರಿಗೆ ಅವಳು ಏಕನಾಥಮ್ಮ. ದುರ್ಗದ ಮನೆಗಳಲ್ಲಿ ಆಣೆ ಹಾಕಬೇಕಾದರೆ ಮೊದಲು ಬಾಯಿಗೆ ಬರುವ ಹೆಸರು ಇವಳದು. ಆಚೆ ಸಂಪಿಗೆ ಸಿದ್ದೇಶ್ವರ. ನಾಯಕರಿಗೆ ಪಟ್ಟ ಕಟ್ಟುತ್ತಿದ್ದದ್ದು ಇಲ್ಲೇ ಅನ್ನುತ್ತಾರೆ. ಹಿಡಿಂಬೇಶ್ವರನ ಗುಡಿಯ ಕಥೆಯಂತೂ ಮಗನಿಗೆ ತುಂಬಾ ಹಿಡಿಸಿತು. ಈ ಬೆಟ್ಟದಲ್ಲಿ ಹಿಡಿಂಬ ಇದ್ದ, ಭೀಮ ಬಂದು ಅವನನ್ನು ಕೊಂದ. ಅದಕ್ಕೆ ಸಾಕ್ಷಿಯಾಗಿ ಹಿಡಿಂಬನ ಹಲ್ಲು ಅಂತ ಒಂದು ಮೂಳೆಯ ತುಂಡು, ಭೀಮನ ಭೇರಿ ಅಂತ ಕಬ್ಬಿಣದ ತಗಡಿನ ದೊಡ್ಡ ಉರುಳೆ ಗುಡಿಯಲ್ಲಿ ಇವೆ ಅನ್ನುವುದು ಹಳೆಯ ಮಾತು. ರಕ್ಕಸನ ಹೆಸರಲ್ಲೇ ಶಿವನ ಗುಡಿ ಕಟ್ಟಿ ಕೈಮುಗಿಯುವುದು ನನಗೆ ನಮ್ಮ ಕಡೆಯವರ ದೊಡ್ಡತನ ಅನಿಸುತ್ತದೆ. ಸೋತವನನ್ನೂ ಊರು ಬಿಟ್ಟು ಓಡಿಸಲಿಲ್ಲ.

ಕಲ್ಲಿನ ಕೋಟೆ ಅಂತೀವಿ, ಆದರೆ ಅರಮನೆ ಇದ್ದ ಜಾಗದಲ್ಲಿ ಉಳಿದಿರುವುದು ಮಣ್ಣಿನ ಗೋಡೆಗಳು. ಕಣಜ, ಟಂಕಸಾಲೆ ಅಂತ ತೋರಿಸುವ ಗೋಡೆಗಳೂ ಮಣ್ಣಿನವೇ. ಕಾವಲಿಗೆ ಕಲ್ಲು, ಬಾಳುವೆಗೆ ಮಣ್ಣು. ಎರಡೂವರೆ ಶತಮಾನದ ಮಳೆ ಬಿಸಿಲು ತಿಂದೂ ಅವು ಇನ್ನೂ ನಿಂತಿವೆ. ನಾವು ಬೆಂಗಳೂರಲ್ಲಿ ಕಟ್ಟಿಸಿದ ಮನೆಯ ತಾರಸಿ ಐದನೇ ವರ್ಷಕ್ಕೇ ಸೋರಿತು. ಸುಮ್ನೆ ನೆನಪಾಯಿತು, ಅಷ್ಟೆ.

ಅಷ್ಟರಲ್ಲಿ ಮಗ ಕೇಳಿದ, ‘ಅಮ್ಮಾ, ಇಷ್ಟೊಂದು ಜನ ಇಲ್ಲಿದ್ದರಲ್ಲ, ಸ್ನಾನ ಎಲ್ಲಿ ಮಾಡ್ತಿದ್ರು?’

ಅದು ಅಜ್ಜಿಯ ಪ್ರಶ್ನೆಯೇ. ಬೇರೆ ಬಟ್ಟೆ ಹಾಕಿಕೊಂಡು ಬಂದಿತ್ತು.

ನಮ್ಮದು ಮಳೆಯ ಊರಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬಿದ್ದರೆ ದೊಡ್ಡದು. ಜೋರು ಮಳೆಗಾಲದಲ್ಲಿ ಆಗುಂಬೆಯವರು ವಾರ ಹತ್ತು ದಿನದಲ್ಲಿ ನೋಡುವಷ್ಟು ಮಳೆ ಅದು. ಬೆಟ್ಟದ ಮೇಲೆ ನದಿ ಇಲ್ಲ, ಹಳ್ಳ ಇಲ್ಲ. ಇರುವುದು ಬಂಡೆ. ಆದರೆ ಬಂಡೆಗೆ ಒಂದು ಗುಣ ಇದೆ. ಅದು ನೀರು ಕುಡಿಯುವುದಿಲ್ಲ. ಬಿದ್ದದ್ದನ್ನು ಹಾಗೇ ಕೆಳಗೆ ಉರುಳಿಸುತ್ತದೆ. ಉರುಳುವ ದಾರಿಯನ್ನು ನೋಡಿಕೊಂಡು ಅಲ್ಲಲ್ಲಿ ತಡೆದರೆ ಸಾಕು. ದುರ್ಗದವರು ಮಾಡಿದ್ದು ಅದನ್ನೇ.

ಮೇಲೆ ಗೋಪಾಲಕೃಷ್ಣನ ಗುಡಿ ಪಕ್ಕ ಗೋಪಾಲಸ್ವಾಮಿ ಹೊಂಡ. ಸುತ್ತಲಿನ ಬಂಡೆಗಳ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ. ಅದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದದ್ದು ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮೇಲಿನವರು ಉಂಡು ಮಿಕ್ಕಿದ್ದು ಕೆಳಗಿನವರಿಗೆ. ಪಂಪಿಲ್ಲ, ಪೈಪಿಲ್ಲ, ಇಳಿಜಾರು ಒಂದೇ. ಇಷ್ಟಲ್ಲದೆ ಬೆಟ್ಟದ ತುಂಬಾ ಸಣ್ಣ ಪುಟ್ಟ ದೋಣಿಗಳು. ಬಂಡೆಯ ಸಂದಿನಲ್ಲಿ ನೀರು ನಿಲ್ಲುವ ಜಾಗಕ್ಕೆ ನಮ್ಮಲ್ಲಿ ದೋಣಿ ಅಂತಾರೆ.

ಈ ವ್ಯವಸ್ಥೆಯನ್ನು ನಾನು ನೂರು ಸಲ ಕೇಳಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ. ಮಳೆ ನಿಂತು ಹತ್ತು ಗಂಟೆಯಾಗಿದ್ದರೂ ಬಂಡೆಯ ಮೈಮೇಲೆ ಬೆರಳಗಲದ ನೀರು ಇನ್ನೂ ಹರಿಯುತ್ತಿತ್ತು. ಬೇಸಿಗೆಯಲ್ಲಿ ಸುಮ್ನೆ ಒಂದು ಬಿರುಕು ಅಂದುಕೊಂಡು ದಾಟಿ ಹೋಗುತ್ತಿದ್ದ ಗೆರೆಗಳೆಲ್ಲ ಅವತ್ತು ಕಾಲುವೆಗಳಾಗಿದ್ದವು. ಮಗ ಒಂದು ಒಣ ಎಲೆಯನ್ನು ನೀರಿಗೆ ಬಿಟ್ಟು ಅದರ ಹಿಂದೆ ಹೋದ. ನಾನು ಅವನ ಹಿಂದೆ ಹೋದೆ. ಎಲೆ ಎರಡು ಸಲ ಸಿಕ್ಕಿಕೊಂಡಿತು. ಎರಡು ಸಲವೂ ಬಿಡಿಸಿ ಬಿಟ್ಟ. ಹೊಂಡದ ಅಂಚಿಗೆ ಬಂದು ನಿಂತಾಗ ನನಗೆ ಗೊತ್ತಿಲ್ಲದೆಯೇ ಯಾವ ಬಂಡೆ ಮುಳುಗಿದೆ ಅಂತ ನೋಡಿದೆ.

ಈಗ ಓಬವ್ವನ ವಿಷಯ. ಬಿಟ್ಟು ಬರೆದರೆ ಊರಿನವರು ನನ್ನನ್ನು ಒಳಗೆ ಸೇರಿಸುವುದಿಲ್ಲ.

ಕಥೆ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾನೆ. ಹೆಂಡತಿ ಓಬವ್ವ ನೀರು ತರಲು ಹೋಗುತ್ತಾಳೆ. ಕಿಂಡಿಯ ಹತ್ತಿರ ಗುಸುಗುಸು ಕೇಳುತ್ತದೆ. ಉಣ್ಣುವವನನ್ನು ಎಬ್ಬಿಸದೆ ಮನೆಯಿಂದ ಒನಕೆ ತಂದು ಕಿಂಡಿಯ ಪಕ್ಕ ನಿಲ್ಲುತ್ತಾಳೆ. ತಲೆ ತೂರಿಸಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆದು ಪಕ್ಕಕ್ಕೆ ಎಳೆಯುತ್ತಾಳೆ. ಕೊನೆಗೆ ಅವಳೂ ಉಳಿಯಲಿಲ್ಲ. ಬಾಯಿಂದ ಬಾಯಿಗೆ ಬಂದ ಕಥೆ ಇದು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರ ಇದನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಮಾಡುತ್ತಿದೆ. ಊರಿನ ಕ್ರೀಡಾಂಗಣಕ್ಕೂ ಅವಳದೇ ಹೆಸರು.

ಕಿಂಡಿ ನೋಡಿದವರಿಗೆ ಗೊತ್ತು, ಅದು ಬಾಗಿಲಲ್ಲ. ಎರಡು ಬಂಡೆಗಳ ನಡುವಿನ ಸಂದಿ. ಬಗ್ಗಿಯೇ ನುಸುಳಬೇಕು, ತಲೆಯೇ ಮೊದಲು ಹೊರಗೆ ಬರಬೇಕು. ಕೋಟೆಯಲ್ಲಿ ಇಂಥ ಒಂದು ಸಂದಿ ಯಾಕೆ ಉಳಿಯಿತು ಅಂತ ಚಿಕ್ಕಂದಿನಲ್ಲಿ ಯೋಚಿಸುತ್ತಿದ್ದೆ. ಪಕ್ಕದಲ್ಲೇ ತಣ್ಣೀರು ದೋಣಿ ಇದೆ. ಎಂಥ ಬೇಸಿಗೆಯಲ್ಲೂ ಅದರಲ್ಲಿ ತಣ್ಣಗಿನ ನೀರು. ನೀರಿಗೆ ದಾರಿ ಇದ್ದಲ್ಲಿ ಸಂದಿ ಇದ್ದೇ ಇರುತ್ತದೆ. ಬಂಡೆಯ ಒಳಗಿಂದ ಜಿನುಗುವ ನೀರೂ, ಹೊರಗಿಂದ ನುಸುಳುವ ಶತ್ರುವೂ ಹುಡುಕಿದ್ದು ಹೆಚ್ಚುಕಮ್ಮಿ ಅದೇ ಬಿರುಕನ್ನು. ಇದು ನನ್ನ ಲೆಕ್ಕಾಚಾರ, ಇತಿಹಾಸದವರು ಒಪ್ಪಬೇಕಾಗಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಓಬವ್ವನ ಪ್ರತಿಮೆ, ಕ್ಯಾಲೆಂಡರ್ ಚಿತ್ರ, ಶಾಲೆಯ ಛದ್ಮವೇಷ, ಎಲ್ಲದರಲ್ಲೂ ಅವಳ ಕೈಯಲ್ಲಿ ಒನಕೆ. ಸರಿ, ಇರಲಿ. ಆದರೆ ಅವಳು ಅಲ್ಲಿಗೆ ಹೋದದ್ದು ಬಿಂದಿಗೆ ಹಿಡಿದು. ಬಿಂದಿಗೆ ಇಲ್ಲದಿದ್ದರೆ ಆ ಗುಸುಗುಸು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕೋಟೆಯ ಪ್ರತಿ ಸಂದಿಯೂ ಗೊತ್ತಿದ್ದದ್ದು ಬುರುಜಿನ ಮೇಲೆ ನಿಂತ ಗಂಡಸರಿಗಿಂತ ದಿನಕ್ಕೆ ನಾಲ್ಕು ಸಲ ನೀರಿಗೆ ಹೋಗುವ ಹೆಂಗಸರಿಗೆ. ನಮ್ಮಜ್ಜಿ ಈ ಕಥೆ ಹೇಳುವಾಗ ಯಾವಾಗಲೂ ಬಿಂದಿಗೆಯಿಂದ ಶುರು ಮಾಡುತ್ತಿದ್ದಳು. ‘ಬಿಂದಿಗೀನ ಎಲ್ಲಿ ಇಟ್ಳು ಗೊತ್ತಾ? ಸದ್ದಾಗದಂಗೆ ಕಲ್ಲಿನ ಮ್ಯಾಲೆ ಇಟ್ಳು’ ಅಂತ ಕೈಯಲ್ಲಿ ಮೆಲ್ಲಗೆ ಇಟ್ಟು ತೋರಿಸುತ್ತಿದ್ದಳು. ಒನಕೆ ಬರುವ ಹೊತ್ತಿಗೆ ನಮಗೆ ಅರ್ಧ ನಿದ್ದೆ.

ಇಷ್ಟಾದರೂ ಕೋಟೆ ಉಳಿಯಲಿಲ್ಲ. 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ನಾಯಕರ ಆಳ್ವಿಕೆ ಎರಡು ಶತಮಾನ ನಡೆಯಿತು. ವಿಜಯನಗರ ಮುರಿದ ಮೇಲೆ ಸುತ್ತಲೂ ದೊಡ್ಡವರ ನಡುವೆ ಒದ್ದಾಡಿಕೊಂಡು ಬಾಳಿದ ಮನೆತನ ಅದು. ಹಿರೇ ಮದಕರಿ ನಾಯಕ 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಸತ್ತ. ಕೊನೆಯ ಮದಕರಿ ಪಟ್ಟಕ್ಕೆ ಬಂದದ್ದು 1754ರಲ್ಲಿ. ಮೊದಮೊದಲು ಹೈದರನ ಜೊತೆಗೇ ನಿಂತು ಯುದ್ಧ ಮಾಡಿದವನು ಆಮೇಲೆ ಅವನಿಗೇ ಎದುರು ನಿಂತ. 1779ರಲ್ಲಿ ಕೋಟೆ ಬಿತ್ತು. ಏಳು ಸುತ್ತನ್ನು ಹೊರಗಿನಿಂದ ಒಡೆದದ್ದಕ್ಕಿಂತ ಒಳಗಿನವರ ಮೋಸದಿಂದ ಬಿತ್ತು ಅನ್ನುವ ನೋವು ಊರಿನಲ್ಲಿ ಇನ್ನೂ ಇದೆ. ಮದಕರಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನು ತಿರುಗಿ ಬರಲಿಲ್ಲ. ಸಾವಿರಾರು ಬೇಡರನ್ನೂ ಸಾಗಿಸಿದರು. ನಾಯಕನ ಇಬ್ಬರು ಹೆಂಡಿರು ಹಾರಿಕೊಂಡ ಹೊಂಡ ಇದು ಅಂತ ಅಕ್ಕ ತಂಗಿ ಹೊಂಡವನ್ನು ತೋರಿಸುತ್ತಾರೆ. ಅಜ್ಜಿ ಆ ಹೊಂಡದ ನೀರಿನ ಮಟ್ಟವನ್ನು ಮಾತ್ರ ಯಾವತ್ತೂ ಕೇಳಲಿಲ್ಲ.

ಮಾರನೇ ದಿನ ಚಂದ್ರವಳ್ಳಿಗೆ ಹೋದೆವು. ಬೆಟ್ಟದ ಇನ್ನೊಂದು ಮಗ್ಗುಲು, ಮೂರು ಕಡೆ ಗುಡ್ಡ, ನಡುವೆ ಕೆರೆ. ಕೋಟೆಗೆ ಬಂದವರಲ್ಲಿ ಅರ್ಧ ಜನ ಇಲ್ಲಿಗೆ ಬರುವುದೇ ಇಲ್ಲ. ಬರಬೇಕು. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಇಲ್ಲಿ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಮಣ್ಣಿನಡಿ ಶಾತವಾಹನರ ಕಾಲದ ಊರು ಸಿಕ್ಕಿತು. ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ನಮ್ಮ ಬಯಲುಸೀಮೆಯ ಸಂತೆಯಲ್ಲಿ ರೋಮಿನ ದುಡ್ಡು ಅಂದರೆ ಮಗ ನಂಬಲಿಲ್ಲ. ‘ಅವರಿಗೆ ಚಿಲ್ಲರೆ ಹೇಗೆ ಕೊಡ್ತಿದ್ರು?’ ಅಂದ.

ಭೈರವೇಶ್ವರನ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ತುಂಬಾ ಪುಟ್ಟದು. ಅದರಲ್ಲಿ ಮಯೂರಶರ್ಮ ಗೆದ್ದವರ ದೊಡ್ಡ ಪಟ್ಟಿ ಇದೆ. ಪಲ್ಲವರು, ಆಭೀರರು, ಪುನ್ನಾಟದವರು ಎಲ್ಲ ಬರುತ್ತಾರೆ. ಆದರೆ ಆ ಶಾಸನ ಕೆತ್ತಿಸಿದ್ದು ಕೆರೆಗಾಗಿ. ಕದಂಬರ ಮಯೂರಶರ್ಮ ಈ ಕೆರೆ ಕಟ್ಟಿಸಿದ ಅನ್ನುವುದೇ ಮುಖ್ಯ ಸುದ್ದಿ. ಗೆದ್ದವರ ಹೆಸರೆಲ್ಲ ಬಿರುದಿನಂತೆ ಅದಕ್ಕೆ ಅಂಟಿಕೊಂಡಿವೆ. ನಾಯಕರಿಗಿಂತ ಸಾವಿರದ ಇನ್ನೂರು ವರ್ಷ ಹಿಂದೆ ಅದೇ ಬೆಟ್ಟದ ಬುಡದಲ್ಲಿ ಒಬ್ಬ ರಾಜ ನೀರು ನಿಲ್ಲಿಸಿ, ಅದನ್ನು ಬಂಡೆಯ ಮೇಲೆ ಬರೆಸಿದ್ದಾನೆ. ಕೆರೆ ಇನ್ನೂ ಇದೆ. ಅವತ್ತು ಅದರಲ್ಲಿ ನೀರೂ ಇತ್ತು.

ಅಲ್ಲೇ ಅಂಕಲಿ ಮಠದ ಗುಹೆಗಳು. ಒಳಗೆ ಕತ್ತಲು, ಟಾರ್ಚ್ ಬೇಕೇ ಬೇಕು. ಮೆಟ್ಟಿಲಿಳಿದ ಮೇಲೆ ಕೋಣೆ, ಅದರೊಳಗೆ ಮತ್ತೊಂದು ಕೋಣೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ತಂಪು. ಧ್ಯಾನಕ್ಕೆ ಕೂತವರು ಜಾಗವನ್ನು ಬುದ್ಧಿವಂತಿಕೆಯಿಂದಲೇ ಹುಡುಕಿದ್ದಾರೆ.

ಗುಡ್ಡಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ದುರ್ಗ ಒಣ ಊರು ಅನ್ನುವವರು ಜೋಗಿಮಟ್ಟಿಗೆ ಹೋಗಿಲ್ಲ ಅಂತಲೇ ಅರ್ಥ. ಊರಿಂದ ಸ್ವಲ್ಪ ದೂರ ಅಷ್ಟೇ, ಬೆಳಗಿನ ಹೊತ್ತು ಮಂಜು ಮುಸುಕಿರುತ್ತದೆ. ಕರಡಿ, ಚಿರತೆ, ನವಿಲು ಎಲ್ಲ ಇವೆ. ಹಳದಿ ಕೊರಳಿನ ಪಿಕಳಾರ ಅನ್ನುವ ಹಕ್ಕಿಯೂ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಹಕ್ಕಿ ಅದು. ಕೋಟೆಯ ಬೆಟ್ಟದಲ್ಲಿ ಕಳ್ಳಿ, ತಂಗಡಿ, ಎಲ್ಲೆಂದರಲ್ಲಿ ಸೀತಾಫಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಣ್ಣು ಬಿರಿಯುತ್ತದೆ. ಮೊದಲ ಪಾಲು ಕೋತಿಗಳದ್ದು. ಬುರುಜಿನ ಮೇಲೆ ನಿಂತರೆ ದೂರದ ಗುಡ್ಡಗಳ ಮೇಲೆಲ್ಲ ಬಿಳಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಲವರಿಗೆ ಅದು ಚೆಂದ. ನನಗೆ ಇನ್ನೂ ಒಗ್ಗಿಲ್ಲ. ಆದರೆ ಮಗನಿಗೆ ಕೋಟೆಗಿಂತ ಅದೇ ಇಷ್ಟವಾಯಿತು, ಏನು ಮಾಡೋಣ?

ಊರೊಳಗಿನ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅಕ್ಕ ತಂಗಿಯರ ಭೇಟಿ. ಹೊಂಡದ ಅಕ್ಕ ತಂಗಿ ಅಲ್ಲ, ಬರಗೇರಮ್ಮ ಮತ್ತು ತಿಪ್ಪಿನಘಟ್ಟಮ್ಮ. ಊರಿನ ಎರಡು ಅಮ್ಮಂದಿರು. ಮುನಿಸಿಕೊಂಡ ಅಕ್ಕ ತಂಗಿ ಅವರು, ವರ್ಷಕ್ಕೊಂದು ಸಲ ರಾತ್ರಿ ದೊಡ್ಡಪೇಟೆಯಲ್ಲಿ ಭೇಟಿಯಾಗುತ್ತಾರೆ. ಎರಡು ಕಡೆಯಿಂದ ದೇವಿಯರನ್ನು ಹೊತ್ತು ತರುತ್ತಾರೆ. ಮಾಳಿಗೆ, ಜಗಲಿ, ಕಾಂಪೌಂಡು, ಎಲ್ಲಿ ನೋಡಿದರೂ ಜನ. ಗಂಟೆಗಟ್ಟಲೆ ಕಾಯುತ್ತಾರೆ. ಎದುರುಬದುರು ಬಂದು ಮುಖ ನೋಡಿಕೊಳ್ಳುವುದು ಒಂದು ಕ್ಷಣ. ಕಣ್ಣು ಮಿಟುಕಿಸಿದರೆ ತಪ್ಪಿಹೋಯಿತು. ಆಮೇಲೆ ಇಬ್ಬರೂ ತಮ್ಮ ತಮ್ಮ ದಾರಿ. ಚಿಕ್ಕವಳಿದ್ದಾಗ ಇಷ್ಟೇನಾ ಅಂತ ಅತ್ತಿದ್ದೆ. ಈಗ ನನ್ನ ಅಕ್ಕ ಹುಬ್ಬಳ್ಳಿಯಲ್ಲಿ, ನಾನು ಬೆಂಗಳೂರಲ್ಲಿ. ವರ್ಷಕ್ಕೆ ಒಮ್ಮೆ ಯಾರದೋ ಮದುವೆಯಲ್ಲಿ ಸಿಗುತ್ತೇವೆ. ಆ ಉತ್ಸವ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಕೊನೆಯ ದಿನ ಸಂಜೆ ಸಂತೆ ಹೊಂಡದ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಕೂತಿದ್ದೆವು. ಅಜ್ಜಿಯ ಮನೆ ಈಗ ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ. ಹೊಂಡ ಇದೆ. ಅಂಚಿನಲ್ಲಿ ಪ್ಲಾಸ್ಟಿಕ್ಕು, ಹಬ್ಬದ ಹೂವು ಕೊಳೆತ ವಾಸನೆ. ಊರಿಗೆ ಕುಡಿಯುವ ನೀರು ಈಗ ದೂರದ ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರುತ್ತದೆ. ನಲ್ಲಿ ಬಂದ ಮೇಲೆ ಹೊಂಡ ಯಾರದ್ದೂ ಅಲ್ಲದ್ದಾಯಿತು. ಇದರಲ್ಲಿ ಯಾರನ್ನೋ ಬೈದು ಪ್ರಯೋಜನವಿಲ್ಲ. ಅಜ್ಜಿಯ ಮಕ್ಕಳಾದ ನಮ್ಮವರೇ ನಲ್ಲಿ ಬಂದ ದಿನ ಪಾಯಸ ಮಾಡಿ ಹಂಚಿದ್ದರು. ಬಿಂದಿಗೆ ಹೊತ್ತು ಸೊಂಟ ನೋಯಿಸಿಕೊಂಡವಳು ಅವಳೇ ತಾನೇ? ನನ್ನ ಹಳೇ ನೆನಪಿಗೋಸ್ಕರ ಅವಳು ಮತ್ತೆ ಬಿಂದಿಗೆ ಹೊರಬೇಕಾಗಿರಲಿಲ್ಲ.

ಆದರೂ ಊರಿಗೆ ನೀರಿನ ಮೇಲಿನ ಆಸೆ ಹೋಗಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಜಿಲ್ಲೆಗೆ ಜಿಲ್ಲೆಯೇ ಗಾಡಿ ಕಟ್ಟಿಕೊಂಡು ನೋಡಲು ಹೋಯಿತು. ಬೇರೆ ಕಡೆಯವರಿಗೆ ಇದು ಹುಚ್ಚು ಅನಿಸಬಹುದು. ನಾನೂ ಆಫೀಸಿಗೆ ರಜೆ ಹಾಕಿ ಹೋಗಿದ್ದೆ.

ಸಂತೆ ಹೊಂಡದ ಹತ್ತಿರ ಕೂತಿದ್ದಾಗ ಮಾವ ಬಂದ. ಎಪ್ಪತ್ತು ದಾಟಿದೆ, ಈಗಲೂ ದಿನಾ ಬೆಳಿಗ್ಗೆ ಕೋಟೆ ಹತ್ತಿ ಇಳಿಯುತ್ತಾನೆ. ಮೆಣಸಿನಕಾಯಿ ಒಂದನ್ನು ನನ್ನ ತಟ್ಟೆಯಿಂದ ಎತ್ತಿಕೊಂಡು, ‘ಗೋಪಾಲಸ್ವಾಮಿ ಹೊಂಡ ನೋಡಿದ್ಯೇನವ್ವ? ಇನ್ನೆರಡು ಮಳೆ ಹಿಂಗೇ ಬಂದ್ರೆ ಕೋಡಿ ಬೀಳ್ತೈತೆ’ ಅಂದ. ಎಷ್ಟು ಬಾಕಿ ಇದೆ ಅಂತ ನಾನು ಕೇಳುವ ಮೊದಲೇ ಮಗ ಬಾಯಿ ಹಾಕಿದ, ‘ಒಂದು ಬಂಡೆ ಇನ್ನೂ ಕಾಣ್ತಿದೆ ತಾತ, ಆಮೆ ಥರ ಇರೋದು.’

ಮಾವ ಅವನನ್ನೇ ನೋಡಿದ. ‘ಅದು ಮುಳುಗಲಿ, ಫೋನ್ ಮಾಡ್ತೀನಿ’ ಅಂದ.

ನಾವು ಬೆಂಗಳೂರಿಗೆ ಬಂದ ಒಂಬತ್ತನೇ ದಿನ ಬೆಳಿಗ್ಗೆ ಆರೂ ಕಾಲಿಗೆ ಫೋನ್ ಬಂತು. ನಾನು ಎತ್ತುವಷ್ಟರಲ್ಲಿ ಮಗ ಎತ್ತಿದ್ದ.